ಪತ್ತನಾಜೆಯ ಒಳಗೆ: ಸೋರುವ ಹಂಚಿನ ಮನೆಯ ದುರಸ್ತಿಗೆ ತಂಡದೊಂದಿಗೆ ಹೋಗುವವರಿಗೆ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಹಂಚಿನ ಮಾಡಿನ, ಅಂದರೆ ಛಾವಣಿಯ, ದುರಸ್ತಿಗೆ ಒಂದು ಗಡುವಿದೆ. ತುಳು ಪಂಚಾಂಗದ ಬೇಸ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ ಬರುವ ಪತ್ತನಾಜೆಯಂದು ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ ನೇಮಗಳು ನಿಲ್ಲುತ್ತವೆ. ಅಷ್ಟರೊಳಗೆ ಹಂಚು ಹೊದಿಸಿ ಮುಗಿಸದ ಮನೆಯವರು ಆ ವರ್ಷದ ಮಳೆಗಾಲವನ್ನು ಟಾರ್ಪಾಲಿನ ಕೆಳಗೆ ಕಳೆಯಬೇಕಾಗುತ್ತದೆ. ಕೂಲಿ ಕೊಟ್ಟು ಆಳು ಕರೆಸಲಾಗದ ಇಂಥ ಮನೆಗಳ ಕೆಲಸಕ್ಕೆ ಭಾನುವಾರಗಳಂದು ತಂಡ ಕಟ್ಟಿಕೊಂಡು ಹೋಗುವ ರೂಢಿ ಊರೂರುಗಳಲ್ಲಿದೆ. ಹೊಸದಾಗಿ ಸೇರುವವರಿಗೆ ತಿಳಿದಿರಬೇಕಾದ ಸಂಗತಿಗಳನ್ನು, ನಮ್ಮ ತಂಡ ಮಾಡಿದ ತಪ್ಪುಗಳನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ.

ತಂಡ ಹುಡುಕುವುದು ಕಷ್ಟವಲ್ಲ. ಯುವಕ ಮಂಡಲ, ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಘಟಕ, ದೇವಸ್ಥಾನ ಅಥವಾ ಇಗರ್ಜಿಯ ಸಮಿತಿ, ಇವುಗಳಲ್ಲಿ ಯಾವುದಾದರೊಂದು ಇಂಥ ಶ್ರಮದಾನ ಮಾಡುತ್ತಿರುತ್ತದೆ. ಯಾವ ಮನೆಗೆ ಹೋಗಬೇಕೆಂಬುದನ್ನು ನಿರ್ಧರಿಸುವುದೇ ಸೂಕ್ಷ್ಮವಾದ ಕೆಲಸ. ಸಭೆಯಲ್ಲಿ ಕೈ ಎತ್ತಿ ಕೇಳುವವರಿಗಿಂತ ಕೇಳದೆ ಸುಮ್ಮನಿರುವವರ ಮಾಡು ಹೆಚ್ಚು ಸೋರುತ್ತಿರುತ್ತದೆ. ಅಂಥ ಮನೆ ಯಾವುದೆಂಬುದು ಆಶಾ ಕಾರ್ಯಕರ್ತೆಗೂ ಅಂಗನವಾಡಿಯ ಟೀಚರಿಗೂ ಚೆನ್ನಾಗಿ ಗೊತ್ತಿರುತ್ತದೆ. ಮನೆಯವರ ಹೆಸರು ವಸತಿ ಯೋಜನೆಯ ಪಟ್ಟಿಯಲ್ಲಿದೆಯೇ ಎಂಬುದನ್ನು ಗ್ರಾಮ ಪಂಚಾಯಿತಿಯಲ್ಲಿ ಮೊದಲೇ ವಿಚಾರಿಸಬೇಕು. ಹೊಸ ಮನೆಯ ಮಂಜೂರಾತಿಗೆ ಹಳೆಯ ಮನೆಯ ಫೋಟೋ ತೆಗೆಯುವುದು ಬಾಕಿಯಿದ್ದಾಗ ನಾವು ಹೋಗಿ ಮಾಡು ಬದಲಾಯಿಸಿಟ್ಟರೆ, ಉಪಕಾರ ಮಾಡಲು ಹೋಗಿ ಅಪಕಾರ ಮಾಡಿದಂತಾಗಬಹುದು.

ಮೊದಲ ಭೇಟಿಗೆ ಇಬ್ಬರೇ ಹೋಗುವುದು ಒಳ್ಳೆಯದು, ಅದರಲ್ಲೂ ನಡು ಮಧ್ಯಾಹ್ನ. ಬಾಗಿಲು ಕಿಟಕಿ ಮುಚ್ಚಿ ಒಳಗೆ ಕುಳಿತರೆ ಒಡೆದ ಹಂಚಿನ ಸಂದಿಯಿಂದ ಬಿಸಿಲಿನ ಚುಕ್ಕಿಗಳು ನೆಲದ ಮೇಲೆ ಬೀಳುತ್ತವೆ. ಆದರೆ ಚುಕ್ಕಿ ಬೀಳದ ಕಡೆಯೂ ಸೋರುವುದುಂಟು. ಅದನ್ನು ಬಲ್ಲವರು ಮನೆಯ ಹೆಂಗಸರು: ಕಳೆದ ಆಟಿಯಲ್ಲಿ (ಜಡಿಮಳೆಯ ತುಳು ತಿಂಗಳು) ಎಲ್ಲೆಲ್ಲಿ ಪಾತ್ರೆ ಇಟ್ಟಿದ್ದಿರಿ ಎಂದು ಕೇಳಿದರೆ ಸಾಕು, ‘ಇಲ್ಲಿ ಕೊಡಪಾನ, ಅಲ್ಲಿ ಬೋಗುಣಿ, ಮಗು ಮಲಗುವ ಜಾಗದಲ್ಲಿ ಎರಡು ಬಾಲ್ದಿ’ ಎಂದು ಮನೆಯ ನಕ್ಷೆಯನ್ನೇ ಬಿಡಿಸಿ ಹೇಳುತ್ತಾರೆ. ಆ ಜಾಗಗಳಿಗೆ ಸೀಮೆಸುಣ್ಣದ ಗುರುತು ಹಾಕಿಕೊಳ್ಳಬೇಕು. ನೀರು ಬೀಳುವ ಜಾಗದ ನೇರ ಮೇಲೆಯೇ ತೂತಿರುತ್ತದೆಂದು ಭಾವಿಸಬಾರದು. ನೀರು ಪಕ್ಕಾಸಿನ (ಹಂಚನ್ನು ಹೊರುವ ಇಳಿಜಾರು ಮರ) ಗುಂಟ ಮೂರು ನಾಲ್ಕು ಅಡಿ ಇಳಿದು ಬಂದು ತೊಟ್ಟಿಕ್ಕುವುದೇ ಹೆಚ್ಚು. ಹಾಗಾಗಿ ಮರದ ಮೇಲಿನ ಕಪ್ಪು ಕಲೆಯನ್ನು ಹಿಡಿದು ಮೇಲಕ್ಕೆ ಹುಡುಕಬೇಕು. ಪಕ್ಕಾಸು, ಅದರ ಮೇಲೆ ಅಡ್ಡ ಹೊಡೆದ ರೀಪು, ಅಡಿಕೆ ಮರ ಸೀಳಿದ ದಬ್ಬೆಗಳಿಗೆ ಚೂರಿಯ ತುದಿ ಒತ್ತಿ ನೋಡಿ. ಬೆಣ್ಣೆಗೆ ಹೋದಂತೆ ಒಳಹೋದರೆ ಗೆದ್ದಲು ಹಿಡಿದಿದೆ ಎಂದರ್ಥ. ಮುಖ್ಯ ತೊಲೆಯೇ ಹಾಗಿದ್ದರೆ ಅದು ಸ್ವಯಂಸೇವಕರ ಕೆಲಸವಲ್ಲ, ಮರದ ಆಚಾರಿಯನ್ನು ಕರೆಯಲೇಬೇಕು.

ನೂರು ಚದರ ಅಡಿ ಮಾಡಿಗೆ ಸುಮಾರು 150 ಹಂಚು ಬೇಕಾಗುತ್ತದೆ. ಎಲ್ಲವನ್ನೂ ಹೊಸದಾಗಿ ಕೊಳ್ಳುವ ಅಗತ್ಯವಿಲ್ಲ, ಹಳೆಯ ಮನೆ ಕೆಡವಿ ಆರ್‌ಸಿಸಿ ಕಟ್ಟುವವರ ಅಂಗಳದಲ್ಲಿ ಬೇಕಾದಷ್ಟು ಸಿಗುತ್ತದೆ. ಆದರೆ ತರುವಾಗ ಹಂಚಿನ ಬೆನ್ನು ತಿರುವಿ ಕಂಪನಿಯ ಹೆಸರು ಓದಬೇಕು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಗುರುಪುರ ನದಿಗಳ ದಂಡೆಯಲ್ಲಿ ಒಂದರ ಹಿಂದೊಂದು ಕಾರ್ಖಾನೆ ಹುಟ್ಟಿಕೊಂಡವು. ಎಲ್ಲವೂ ನೋಡಲು ಒಂದೇ ಬಗೆಯ ಹಂಚಾದರೂ ಒಬ್ಬರ ಅಚ್ಚಿನ ಕಾಲುವೆ ಇನ್ನೊಬ್ಬರದಕ್ಕೆ ಸರಿಯಾಗಿ ಕೂರುವುದಿಲ್ಲ. ಮಾಡಿನ ಒಂದು ಪಕ್ಕಕ್ಕೆ ಒಂದೇ ಕಂಪನಿಯ ಹಂಚನ್ನು ಹೊದಿಸಿ, ಉಳಿದ ಬೆರಕೆ ಹಂಚನ್ನು ದನದ ಹಟ್ಟಿಗೋ ಸೌದೆಕೊಟ್ಟಿಗೆಗೋ ಬಳಸಿ. ಬೆರಳ ಗೆಣ್ಣಿನಿಂದ ತಟ್ಟಿದಾಗ ‘ಠಣ್’ ಎಂದು ಸದ್ದು ಕೊಡುವುದು ಗಟ್ಟಿ ಹಂಚು. ಬೊಡ್ಡು ಸದ್ದಿನದರಲ್ಲಿ ಕಣ್ಣಿಗೆ ಕಾಣದ ಬಿರುಕಿರುತ್ತದೆ.

ಕೆಲಸದ ದಿನ ಪಾಲಿಸಬೇಕಾದ ನಿಯಮ ಒಂದೇ ಎಂದು ನಾನು ಹೇಳುತ್ತೇನೆ: ಸಂಜೆಯೊಳಗೆ ಮುಚ್ಚಲಾಗುವಷ್ಟು ಮಾಡನ್ನು ಮಾತ್ರ ಬಿಚ್ಚಬೇಕು. ಒಂದು ಮೇ ತಿಂಗಳಲ್ಲಿ, ಜನ ಜಾಸ್ತಿ ಬಂದಿದ್ದಾರೆಂಬ ಹುಮ್ಮಸ್ಸಿನಿಂದ ನಾವು ಎರಡೂ ಪಕ್ಕದ ಹಂಚನ್ನು ಒಟ್ಟಿಗೇ ಇಳಿಸಿದೆವು. ನಾಲ್ಕು ಗಂಟೆಗೆ ಮೂಡಣದಲ್ಲಿ ಗುಡುಗಿತು, ನಾಲ್ಕೂವರೆಗೆ ಮಳೆ. ಟಾರ್ಪಾಲು ಎಳೆಯುವಷ್ಟರಲ್ಲಿ ಅಟ್ಟದಲ್ಲಿದ್ದ ಅಕ್ಕಿಯ ಮುಡಿ ನೆನೆದುಹೋಯಿತು. ಮನೆಯ ಅಜ್ಜಿ ನಮ್ಮನ್ನು ಬಯ್ಯಲಿಲ್ಲ, ಅದೇ ಹೆಚ್ಚು ನಾಚಿಕೆಯಾಯಿತು. ಅಂದಿನಿಂದ ಒಂದು ಪಕ್ಕ ಹೊದಿಸಿ ಮುಗಿಯುವ ತನಕ ಇನ್ನೊಂದನ್ನು ಮುಟ್ಟುವುದಿಲ್ಲ.

ಮಾಡು ಹತ್ತುವ ಮೊದಲು ಮನೆಗೆ ಬರುವ ವಿದ್ಯುತ್ ತಂತಿಯನ್ನು ಮೆಸ್ಕಾಂ ಲೈನ್‌ಮನ್ನರಿಂದ ಬಿಡಿಸಿ. ಪಾಚಿ ಹಿಡಿದ ಹಂಚಿನ ಮೇಲೆ ಕಾಲಿಡಲೇಬಾರದು. ಬೇಕಾದ ಕಡೆ ಹಂಚು ಸರಿಸಿ, ಗಟ್ಟಿ ಪಕ್ಕಾಸು ಇರುವಲ್ಲಿ ರೀಪಿನ ಮೇಲೆ ಕಾಲೂರಬೇಕು. ಸಿಮೆಂಟ್ ಶೀಟಿನ ಮೇಲಂತೂ ಹಲಗೆ ಹಾಸದೆ ಹತ್ತಲೇಬೇಡಿ, ಅದು ಸೂಚನೆ ಕೊಡದೆ ಮುರಿಯುತ್ತದೆ. ಹಂಚಿನಡಿಯಲ್ಲಿ ಕಣಜದ ಗೂಡು, ಚೇಳು, ಒಮ್ಮೊಮ್ಮೆ ಹಾವು ಇರುವುದರಿಂದ ಬರಿಗೈಯನ್ನು ಒಳಗೆ ತೂರಿಸಬಾರದು. ಮೇಲೆ ಇಬ್ಬರು ಮೂವರಿಗಿಂತ ಹೆಚ್ಚು ಜನ ಬೇಡ. ಉಳಿದವರು ಏಣಿಯುದ್ದಕ್ಕೂ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಬೇಕು. ಹಂಚೊಂದು ಎರಡೂವರೆ ಕಿಲೋ ತೂಗುವುದರಿಂದ ಎಸೆದು ಹಿಡಿಯುವ ಚಾಲಾಕಿತನವನ್ನು ಯಾರೂ ತೋರಿಸಬೇಕಾಗಿಲ್ಲ.

ಹೊಸ ಪಕ್ಕಾಸು, ರೀಪುಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದರೆ ಗೆದ್ದಲು ಬೇಗ ಹತ್ತಿರ ಬರುವುದಿಲ್ಲ. ಅದು ತಾಗಿದರೆ ಚರ್ಮ ಬೊಬ್ಬೆ ಏಳುವುದರಿಂದ ಕೈಗವಸು ಹಾಕಿಕೊಳ್ಳಬೇಕು. ಹಂಚನ್ನು ಸೂರಿನಿಂದ ಶುರುಮಾಡಿ ಸಾಲು ಸಾಲಾಗಿ ಮೇಲಕ್ಕೆ ಹೊದಿಸುತ್ತಾ ಹೋಗಬೇಕು. ಬೆನ್ನಿನ ಗುಬ್ಬಿ (ಉಬ್ಬು) ರೀಪಿಗೆ ಸಿಕ್ಕಿತೇ ಎಂಬುದನ್ನು ಪ್ರತಿ ಹಂಚನ್ನೂ ಕೆಳಕ್ಕೆ ಮೆಲ್ಲಗೆ ಎಳೆದು ಖಚಿತಪಡಿಸಿಕೊಳ್ಳಬೇಕು. ನೆತ್ತಿಯ ಹಂಚಿನ ಸಂದಿಗೆ ಹಾಕಿದ ಹಳೆಯ ಗಾರೆಯ ಮೇಲೆಯೇ ಹೊಸದನ್ನು ಮೆತ್ತುವುದು ಸಾಮಾನ್ಯ ತಪ್ಪು. ಹಳೆಯದನ್ನು ಕೆತ್ತಿ ತೆಗೆದು, ಹಂಚನ್ನು ನೆನೆಸಿ, ಆಮೇಲೆ ಗಾರೆ ಹಾಕಿದರೆ ಮಾತ್ರ ಅದು ಹಿಡಿದು ನಿಲ್ಲುತ್ತದೆ. ಅಡುಗೆಕೋಣೆಯ ಮೇಲೊಂದು ಗಾಜಿನ ಹಂಚು ಕೂರಿಸಿಕೊಡಿ. ಹಗಲಿಡೀ ಬೆಳಕು ಸಿಗುತ್ತದೆ.

ಊಟವನ್ನು ತಂಡವೇ ಕಟ್ಟಿಕೊಂಡು ಹೋಗಬೇಕು. ಹದಿನೈದು ಜನರ ಅನ್ನದ ಭಾರವನ್ನು ಆ ಮನೆಯ ಮೇಲೆ ಹಾಕಬಾರದು. ಆದರೆ ಜಗಲಿಗೆ ತಂದಿಡುವ ಬೆಲ್ಲ ನೀರನ್ನು ಬೇಡವೆನ್ನಬೇಡಿ. ಒಡೆದ ಮಾಡಿನ ಕೆಳಗೆ ಮನೆಯವರನ್ನು ನಿಲ್ಲಿಸಿ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಂಚುವ ಚಾಳಿ ನನಗೆ ಸರಿಕಾಣುವುದಿಲ್ಲ. ಲೆಕ್ಕಕ್ಕೆ ಬೇಕಿದ್ದರೆ ಮಾಡಿನ ಚಿತ್ರವೊಂದೇ ಸಾಕು.

ಹೊರಡುವಾಗ ಹತ್ತು ಹಂಚನ್ನು ಹಿತ್ತಿಲ ಗೋಡೆಗೆ ಒರಗಿಸಿಟ್ಟು ಬನ್ನಿ. ಜೂನಿನಲ್ಲಿ ಮೊದಲ ಜಡಿಮಳೆ ಹೊಡೆದ ಮರುದಿನ ಇಬ್ಬರು ಮತ್ತೆ ಹೋಗಿ, ಸೀಮೆಸುಣ್ಣದಿಂದ ಗುರುತು ಹಾಕಿಕೊಂಡಿದ್ದ ಪ್ರತಿ ಜಾಗದ ಮೇಲೂ ಟಾರ್ಚ್ ಬಿಟ್ಟು ನೋಡಬೇಕು. ಒಂದೆರಡು ಕಡೆ ಇನ್ನೂ ತೊಟ್ಟಿಕ್ಕುತ್ತಿರುತ್ತದೆ. ಆ ಹತ್ತು ಹಂಚು ಇರುವುದು ಅದಕ್ಕೇ.