ಬೆರಳ ಲೆಗಾಟೊ ಮೊದಲು, ಪೆಡಲ್ ಆಮೇಲೆ

ಪಿಯಾನೊದಲ್ಲಿ ಹೊಸ ಕೃತಿಯೊಂದನ್ನು ಕೈಗೆತ್ತಿಕೊಂಡಾಗ ನಾನು ಮೊದಲು ಕಾಲಿನಿಂದ ಒತ್ತುವ ಡ್ಯಾಂಪರ್ ಪೆಡಲನ್ನು ಮುಟ್ಟುವುದಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಾದ ಕಡಿಯದಂತೆ ಬೆರಳುಗಳಿಂದಲೇ ಎಷ್ಟು ದೂರ ಸಾಗಬಹುದೆಂದು ನೋಡುತ್ತೇನೆ. ಹೀಗೆ ಸ್ವರಗಳನ್ನು ಕಡಿಯದೆ ಜೋಡಿಸಿ ನುಡಿಸುವುದೇ ಲೆಗಾಟೊ. ಅಗತ್ಯವಿದ್ದಲ್ಲಿ ಒತ್ತಿದ ಕೀಯನ್ನು ಬಿಡದೆ ಅದರ ಮೇಲೆಯೇ ಬೆರಳು ಬದಲಿಸಿಕೊಳ್ಳುತ್ತೇನೆ. ಪೆಡಲ್ ಒತ್ತಿದರೆ ತಂತಿಗಳ ಮೇಲೆ ಕೂತು ನಾದವನ್ನು ಅಡಗಿಸುವ ಮೆತ್ತೆಗಳಾದ ಡ್ಯಾಂಪರುಗಳೆಲ್ಲ ಒಟ್ಟಿಗೆ ಮೇಲೆದ್ದು, ನುಡಿಸದ ತಂತಿಗಳೂ ಕಂಪಿಸಿ ನಾದ ತುಂಬಿಕೊಳ್ಳುತ್ತದೆ. ಪೆಡಲ್ ಬೇಕಾಗುವುದು ಆ ತುಂಬುನಾದಕ್ಕೆ. ಬೆರಳು ಮಾಡಬಲ್ಲ ಜೋಡಣೆಯನ್ನು ಕಾಲಿಗೆ ವಹಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಸಂಗೀತ ರಚನಕಾರ ಶೋಪಾನನ ಇ ಮೈನರ್ ಪ್ರೆಲ್ಯೂಡ್ ಎಂಬ ಕಿರುಕೃತಿ, ಅಂದರೆ ಓಪಸ್ (ಕೃತಿಸಂಖ್ಯೆ) 28ರ 4ನೆಯದು, ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಆರಂಭದಲ್ಲಿ ಬಲಗೈಯ ಬಿ ಸ್ವರ ದೀರ್ಘವಾಗಿ ನಿಂತು, ಬಾರಿನ (ತಾಳದ ಒಂದು ಖಂಡದ) ಕೊನೆಯಲ್ಲಿ ಅರ್ಧ ಸ್ವರ ಮೇಲಿನ ಸಿಯನ್ನು ಮುಟ್ಟಿ ಮತ್ತೆ ಬಿಗೆ ಮರಳುತ್ತದೆ; ಎಡಗೈಯ ಕಾರ್ಡುಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು, ಒಂದೇ ಸಮನೆ ಮೆದುವಾಗಿ ಬೀಳುತ್ತಿರುವಾಗ ಅವುಗಳೊಳಗಿನ ಸ್ವರಗಳು ಮೆಲ್ಲಗೆ ಕೆಳಗಿಳಿಯುತ್ತಿರುತ್ತವೆ. ಪೆಡಲ್ ಒತ್ತಿಯೇ ಇದ್ದರೆ ಬಿ ಮತ್ತು ಸಿ ಒಂದರೊಳಗೊಂದು ಬೆರೆತು ರಾಡಿಯಾಗುತ್ತವೆ. ಇವೆರಡನ್ನು ಬೆರಳುಗಳೇ ಜೋಡಿಸಿಕೊಂಡರೆ, ರಾಗದ ಎಳೆ ತುಂಡಾಗುವ ಭಯವಿಲ್ಲದೆ ಕಾಲು ಬೇಕಾದಲ್ಲೆಲ್ಲ ಮೇಲೆದ್ದು ನಾದವನ್ನು ತಿಳಿಯಾಗಿಸಬಹುದು.

ಬೆರಳು, ಪೆಡಲ್ ಎರಡೂ ಕೂಡುವ ಕ್ಷಣದಲ್ಲಿ ಒಂದು ತೊಡಕಿದೆ. ಹೊಸ ಸ್ವರ ಬೀಳುತ್ತಿದ್ದಂತೆ ಕಾಲು ಮೇಲೇಳಬೇಕು, ಅದು ಮೊಳಗಿದ ಮೇಲೆ ಕೆಳಗಿಳಿಯಬೇಕು ಎಂಬ ಕ್ರಮವನ್ನು ಪೆಡಲ್ ಬಳಸುವವರೆಲ್ಲ ಕಲಿತಿರುತ್ತಾರೆ. ಆದರೆ ಬೆರಳ ಲೆಗಾಟೊದಲ್ಲಿ ಹಳೆಯ ಕೀ ಇನ್ನೂ ಒತ್ತಿಕೊಂಡಿದ್ದರೆ ಅದರ ಡ್ಯಾಂಪರ್ ತಂತಿಯ ಮೇಲೆ ಕೂರುವುದೇ ಇಲ್ಲ. ಆ ಸ್ಥಿತಿಯಲ್ಲಿ ಕಾಲು ಕೆಳಗಿಳಿದರೆ ಹಳೆಯ ಸ್ವರ ಪೆಡಲಿಗೆ ಸಿಕ್ಕಿಕೊಂಡು, ಪೆಡಲ್ ಬದಲಿಸಿದ್ದೂ ಬದಲಿಸದಂತಾಗುತ್ತದೆ. ಆದ್ದರಿಂದ ಹೊಸ ಕೀ ಕೆಳಗೆ, ಕಾಲು ಮೇಲೆ, ಹಳೆಯ ಬೆರಳು ಮೇಲೆ, ಕಾಲು ಕೆಳಗೆ ಎಂಬ ನಾಲ್ಕನ್ನೂ ಬಿಡಿಬಿಡಿಯಾಗಿ ಕೇಳಿಸುವಷ್ಟು ನಿಧಾನವಾಗಿ ಬಿ–ಸಿ ಜೋಡಿಯೊಂದನ್ನೇ ಅಭ್ಯಾಸ ಮಾಡುತ್ತೇನೆ. ಮೂರನೆಯದಾದ ಮೇಲೆ ಸಿ ಒಂದೇ ಶುದ್ಧವಾಗಿ ಉಳಿದಿದೆಯೇ ಎಂದು ಕಿವಿಗೊಟ್ಟು ಕೇಳಿ, ಉಳಿದಿದ್ದರೆ ಮಾತ್ರ ಕಾಲು ಒತ್ತುತ್ತೇನೆ. ವೇಗ ಹೆಚ್ಚಿದಂತೆ ನಾಲ್ಕೂ ಒಂದೇ ಚಲನೆಯಂತಾಗುತ್ತವೆ, ಆದರೆ ಅವುಗಳ ಕ್ರಮ ಮಾತ್ರ ಬದಲಾಗಕೂಡದು.

ಕಾಲಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಹಿಮ್ಮಡಿ ನೆಲದ ಮೇಲಿರಬೇಕು, ಪಾದದ ಮುಂಭಾಗ ಪೆಡಲಿನಿಂದ ಬಿಡಿಸಿಕೊಳ್ಳದೆ ಅದರೊಂದಿಗೇ ಏರಿ ಇಳಿಯಬೇಕು. ಡ್ಯಾಂಪರುಗಳು ಏಳತೊಡಗುವ ಬಿಂದು ಒಂದೊಂದು ಪಿಯಾನೊದಲ್ಲಿ ಒಂದೊಂದು ಆಳದಲ್ಲಿರುವುದರಿಂದ, ನುಡಿಸುವ ಮುನ್ನ ಅದನ್ನು ಹುಡುಕಿಕೊಳ್ಳುತ್ತೇನೆ.

ಬೆರಳಿಗೆ ನಿಲುಕದ ಜಾಗಗಳೂ ಇವೆ. ಶೋಪಾನನದೇ ಓಪಸ್ 9ರ 2ನೆಯ ನಾಕ್ಟರ್ನ್‌ (ರಾತ್ರಿಯ ಭಾವದ ಕೃತಿ) ಎಂಬುದರಲ್ಲಿ ಎಡಗೈ ಕೆಳಗಿನ ಮಂದ್ರ ಸ್ವರವನ್ನು ಮುಟ್ಟಿ ಮೇಲಿನ ಕಾರ್ಡುಗಳಿಗೆ ಹಾರಲೇಬೇಕು. ಆ ಮಂದ್ರವನ್ನು ಪೆಡಲಲ್ಲದೆ ಬೇರೇನೂ ಹಿಡಿದಿಡಲಾರದು. ಅಲ್ಲಿಯೂ ಬಲಗೈಯ ರಾಗವನ್ನು ಬೆರಳುಗಳೇ ಜೋಡಿಸುತ್ತವೆ, ಏಕೆಂದರೆ ಪ್ರತಿ ಹೊಸ ಮಂದ್ರ ಸ್ವರಕ್ಕೂ ಪೆಡಲ್ ಬದಲಾಗುತ್ತಿರುತ್ತದೆ.

ಬೀಥೋವನ್ 1801ರಲ್ಲಿ ರಚಿಸಿದ, ಮೂನ್‌ಲೈಟ್ ಎಂದು ಹೆಸರಾದ ಸೊನಾಟದ ಮೊದಲ ಭಾಗವನ್ನು ಡ್ಯಾಂಪರುಗಳಿಲ್ಲದೆ, ಅಂದರೆ ಪೆಡಲ್ ಒತ್ತಿಹಿಡಿದೇ, ನುಡಿಸಬೇಕೆಂಬ ಸೂಚನೆಯಿದೆ. ಆ ಕಾಲದ ಪಿಯಾನೊಗಳಲ್ಲಿ ನಾದ ಬೇಗ ಅಡಗುತ್ತಿತ್ತು; ಇಂದಿನ ವಾದ್ಯದಲ್ಲಿ ಅದನ್ನು ಅಕ್ಷರಶಃ ಪಾಲಿಸಿದರೆ ಎಲ್ಲವೂ ಕಲಸಿಹೋಗುತ್ತದೆ. ನಾನು ಪೆಡಲನ್ನು ಪೂರ್ತಿ ಬಿಡದೆ ಅರ್ಧಕ್ಕಷ್ಟೇ ಎತ್ತಿ ಮತ್ತೆ ಒತ್ತುತ್ತೇನೆ. ದಪ್ಪ ಮಂದ್ರ ತಂತಿಗಳು ಅಷ್ಟಕ್ಕೆ ಮೌನವಾಗುವುದಿಲ್ಲ, ಮೇಲಿನ ತೆಳು ತಂತಿಗಳು ಮಾತ್ರ ತಿಳಿಯಾಗುತ್ತವೆ.

ಪೆಡಲ್ ಕೇವಲ ಸ್ವಿಚ್ಚಿನಂತೆ ಕೆಲಸ ಮಾಡುವ ಡಿಜಿಟಲ್ ಪಿಯಾನೊಗಳಲ್ಲಿ ಈ ಅರ್ಧ ಪೆಡಲ್ ಸಾಧ್ಯವಿಲ್ಲ. ಅಂಥ ವಾದ್ಯದ ಮುಂದೆ ಕುಳಿತಾಗ ಮಂದ್ರ ಸ್ವರವನ್ನು ಎಡಗೈಯ ಕಿರುಬೆರಳಿನಿಂದ ಒತ್ತಿಹಿಡಿದು, ಪೆಡಲನ್ನು ಪೂರ್ತಿ ಬಿಟ್ಟು ಮತ್ತೆ ಒತ್ತುತ್ತೇನೆ. ಆಗ ಹಳೆಯ ಕಾರ್ಡ್ ಹೋಗಿ ಮಂದ್ರ ಹಾಗೆಯೇ ನಿಲ್ಲುತ್ತದೆ.