ಹೆಗಲೆಲುಬಿನ ಶಸ್ತ್ರಚಿಕಿತ್ಸೆಯ ನಂತರ ಕೈಯನ್ನು ತೂಗಿಸುವುದು ಹೇಗೆ?

ಬೆನ್ನಿನ ಮೇಲ್ಭಾಗದ ಅಗಲವಾದ ಹೆಗಲೆಲುಬು ದಪ್ಪ ಸ್ನಾಯುಗಳ ನಡುವೆ ಹುದುಗಿರುವುದರಿಂದ ಸಣ್ಣ ಪೆಟ್ಟಿಗೆ ಮುರಿಯುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ರಸ್ತೆಗಳಲ್ಲಿ ಕತ್ತಲೆಯಲ್ಲಿ ನಿಂತ ಟ್ರೇಲರ್‌ಗೆ ಬೈಕ್ ಗುದ್ದಿದಂಥ ಪೆಟ್ಟೇ ಬೇಕು. ಹೆಚ್ಚಿನ ಮುರಿತಗಳು ತಾವಾಗಿಯೇ ಕೂಡುತ್ತವೆ; ಆದರೆ ತೋಳಿನ ಎಲುಬು ಕೂರುವ ಬಟ್ಟಲು ಸೀಳಿ 4–5 ಮಿಲಿಮೀಟರ್‌ನಷ್ಟು ಏರುಪೇರಾಗಿದ್ದರೆ ಅಥವಾ ತುಂಡುಗಳು ತೀರ ವಾಲಿದ್ದರೆ, ಸಿ.ಟಿ. ಸ್ಕ್ಯಾನ್ ನೋಡಿ ಸಾಮಾನ್ಯವಾಗಿ ಬೆನ್ನಿನ ಕಡೆಯಿಂದ ಪ್ಲೇಟು ಕೂರಿಸುತ್ತಾರೆ. ಅಷ್ಟು ಮಾಡಿಸಿಕೊಂಡವರೂ ಮನೆಗೆ ಬಂದ ಮೇಲೆ ಹೆಗಲನ್ನು ಸೆಟೆಯಿಸಿಕೊಳ್ಳುವುದನ್ನು ನೋಡಿ ಇದನ್ನು ಬರೆಯುತ್ತಿದ್ದೇನೆ.

ಗಾಯವನ್ನು ಒಣದಾಗಿಡಿ, ಬೆರಳು, ಮಣಿಕಟ್ಟು, ಮೊಣಕೈಗಳನ್ನು ಮೊದಲ ದಿನದಿಂದಲೇ ಆಡಿಸಿ. ಕೈಗೆ ಮೆತ್ತನೆಯ ಹಳೆಯ ಧೋತರವನ್ನು ಮೂರು ಮೂಲೆಯಾಗಿ ಮಡಚಿ ಕಟ್ಟುವುದೇ ಲೇಸು. ಅಗ್ಗದ ಸ್ಲಿಂಗ್‌ಗಳ ಕಿರಿದಾದ ಪಟ್ಟಿ ಕುತ್ತಿಗೆಯನ್ನು ಕೊರೆಯುತ್ತದೆ, ಮಣಿಕಟ್ಟನ್ನು ಜೋತುಬಿಡುತ್ತದೆ.

ಎಲ್ಲರೂ ಎಡವುವುದು ತೂಗಾಟದಲ್ಲಿ, ಅಂದರೆ ಹೆಗಲು ಸೆಟೆಯದಂತೆ ಕೈಯನ್ನು ಜೋತುಬಿಟ್ಟು ತೂಗಿಸುವ ವ್ಯಾಯಾಮದಲ್ಲಿ. ಶಸ್ತ್ರವೈದ್ಯರು ಒಪ್ಪಿದ ದಿನ, ನೋವಿನ ಗುಳಿಗೆ ನುಂಗಿ ಅರ್ಧ ಗಂಟೆ ಬಿಟ್ಟು, ಒಳ್ಳೆಯ ಕೈಯನ್ನು ಅಡುಗೆಕಟ್ಟೆಯ ಮೇಲೆ ಊರಿ, ಒಂದು ಕಾಲನ್ನು ಮುಂದಿಟ್ಟು ಸೊಂಟದಿಂದ ಬಾಗಿರಿ. ನೋವಿರುವ ಕೈ ಬಾವಿಗೆ ಇಳಿಬಿಟ್ಟ ಹಗ್ಗದಂತೆ ಜೋತಿರಲಿ. ಈಗ ಕೈಯನ್ನು ಬೀಸಬೇಡಿ. ಮೈಭಾರವನ್ನು ಹಿಂಗಾಲಿನಿಂದ ಮುಂಗಾಲಿಗೆ, ಮುಂಗಾಲಿನಿಂದ ಹಿಂಗಾಲಿಗೆ ಸರಿಸಿದರೆ ಕೈ ತಾನೇ ತೂಗುತ್ತದೆ. ಸರಿಯಾಗಿದೆಯೇ ಎಂದು ತಿಳಿಯಲು ಮೈಯನ್ನು ತಟ್ಟನೆ ನಿಲ್ಲಿಸಿ: ಕೈ ಮೆಲ್ಲಗೆ ತೂಗಾಡಿ ತಾನಾಗಿ ನಿಂತರೆ ಸರಿ, ಅದೇ ವೇಗದಲ್ಲಿ ತೂಗುತ್ತಲೇ ಇದ್ದರೆ ಆಗಷ್ಟೇ ಹೊಲಿದ ಸ್ನಾಯುಗಳನ್ನು ನೀವು ದುಡಿಸುತ್ತಿದ್ದೀರಿ ಎಂದರ್ಥ. ಎರಡು ಮೂರು ನಿಮಿಷದಂತೆ ದಿನಕ್ಕೆ ನಾಲ್ಕು ಸಲ ಸಾಕು. ಬೇಗ ಸಡಿಲವಾಗಲೆಂದು ಕೈಗೆ ತೂಕದ ಕಲ್ಲು ಕೊಡುವವರನ್ನೂ, ಎಣ್ಣೆ ಹಚ್ಚಿ ತಿಕ್ಕಿ ಎಳೆಯುವವರನ್ನೂ ಹತ್ತಿರ ಬಿಡಬೇಡಿ.

ಮುಂದೆ ಅಂಗಾತ ಮಲಗಿ, ಎರಡೂ ಕೈಗಳಲ್ಲಿ ಒಂದೇ ಕೋಲು ಹಿಡಿದು, ಒಳ್ಳೆಯ ಕೈಯ ಬಲದಿಂದ ಇನ್ನೊಂದನ್ನು ಮೇಲೆತ್ತಬೇಕು. ಸ್ವಂತ ಬಲದಿಂದ ಎತ್ತುವುದು ಎಕ್ಸ್‌ರೇ ನೋಡಿದ ಮೇಲೆ, ಬಹುಮಟ್ಟಿಗೆ 4ರಿಂದ 6 ವಾರಗಳ ಹೊತ್ತಿಗೆ. ಹೆಣ್ಣುಮಕ್ಕಳು ಕೇಳುವ ಮೊದಲ ಪ್ರಶ್ನೆ ರೊಟ್ಟಿ ಬಡಿಯುವುದು ಯಾವಾಗ ಎಂಬುದು: ಜೋಳದ ಹಿಟ್ಟು ನಾದುವಾಗ ಮೈಭಾರವೆಲ್ಲ ಹೆಗಲಿನ ಮೇಲೆ ಬೀಳುವುದರಿಂದ, ಅದನ್ನೂ ತುಂಬಿದ ಕೊಡವನ್ನೂ ಮೂರು ತಿಂಗಳು ಮನೆಯ ಉಳಿದವರಿಗೆ ಒಪ್ಪಿಸಿ.