ಅಡಿಕೆ ಮಂಡಿಯಲ್ಲಿ ಗೆಸ್ಟ್ ಖಾತೆಯ ತೊಡಕು: ನನ್ನ ಅನುಭವ

ತೀರ್ಥಹಳ್ಳಿಯ ಅಡಿಕೆ ಮಂಡಿಯೊಂದರ ನಾಲ್ಕು ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ಬಗೆಗಳ ತೂಕದ ಚೀಟಿಗಳೆಲ್ಲ ಒಳಕೋಣೆಯ ವಿಂಡೋಸ್ 10 ಕಂಪ್ಯೂಟರಿನ ಶೇರ್ಡ್ ಫೋಲ್ಡರಿನಲ್ಲಿದ್ದು, ಉಳಿದ ಮೂರೂ ಅದನ್ನು ಪಾಸ್‌ವರ್ಡ್ ಇಲ್ಲದ ಗೆಸ್ಟ್ ಖಾತೆಯಿಂದಲೇ ತೆರೆಯುತ್ತಿದ್ದವು. ಕಳೆದ ಮಳೆಗಾಲದಲ್ಲಿ ಸಿಡಿಲಿಗೆ ರೌಟರೂ ಒಂದು ಕಂಪ್ಯೂಟರೂ ಸುಟ್ಟುಹೋದವು. ಅದರ ಬದಲಿಗೆ ವಿಂಡೋಸ್ 11 ಪ್ರೊ, 24ಎಚ್2 ಆವೃತ್ತಿಯ ಹೊಸ ಕಂಪ್ಯೂಟರ್ ಬಂತು. ಅಂದಿನಿಂದ ಫೋಲ್ಡರು ಎಲ್ಲಿಯೂ ತೆರೆಯಲಿಲ್ಲ.

ಒಂದೇ ಕಾರಣವಿರಬೇಕೆಂದು ಹುಡುಕುತ್ತ ಅರ್ಧ ದಿನ ಕಳೆದೆ, ಇದ್ದದ್ದು ಎರಡು. ಹೊಸ ರೌಟರಿನಿಂದಾಗಿ ಒಳಕೋಣೆಯ ವಿಂಡೋಸ್ ನಮ್ಮ ಜಾಲವನ್ನು ಬೇರೆಯೇ ನೆಟ್‌ವರ್ಕ್ ಎಂದು ಭಾವಿಸಿ 'ಪಬ್ಲಿಕ್' (ನಂಬಲಾಗದ ಸಾರ್ವಜನಿಕ ಜಾಲ) ಎಂದು ಗುರುತಿಸಿತ್ತು, ಆದ್ದರಿಂದ ಅದರ ಫೈರ್‌ವಾಲ್ ಫೈಲ್ ಹಂಚಿಕೆಗೆ ಬೇಕಾದ 445ನೇ ಪೋರ್ಟನ್ನು, ಅಂದರೆ ಸಂಪರ್ಕದ ಬಾಗಿಲನ್ನು, ಮುಚ್ಚಿತ್ತು. 'ಪ್ರೈವೇಟ್' ಮಾಡಿದ ಕೂಡಲೇ ಹಳೆಯ ಎರಡೂ ಸರಿಹೋದವು. ಹೊಸದು ಮಾತ್ರ, ಸಂಸ್ಥೆಯ ಭದ್ರತಾ ನೀತಿ ಗೆಸ್ಟ್ ಪ್ರವೇಶವನ್ನು ತಡೆಯುತ್ತಿದೆ ಎಂಬ ಸಂದೇಶ ತೋರಿಸಿ ನಿಂತಿತು.

ವಿಂಡೋಸಿನ ನಿಯಮಗಳನ್ನು ಬದಲಿಸುವ ಗ್ರೂಪ್ ಪಾಲಿಸಿಯಲ್ಲಿ ಅಸುರಕ್ಷಿತ ಗೆಸ್ಟ್ ಲಾಗಾನ್‌ಗೆ ಅನುಮತಿ ಕೊಡುವ ದಾರಿ ಇದೆ. ಆದರೆ 24ಎಚ್2ರಲ್ಲಿ ಅದೊಂದೇ ಸಾಲದು. ಇಲ್ಲಿ ಫೈಲ್ ಹಂಚಿಕೆಯಲ್ಲಿ ಕಂಪ್ಯೂಟರುಗಳ ನಡುವೆ ಹೋಗುವ ಪ್ರತಿ ಸಂದೇಶಕ್ಕೂ, ಅದನ್ನು ದಾರಿಯಲ್ಲಿ ಯಾರೂ ತಿದ್ದಿಲ್ಲ ಎಂದು ತೋರಿಸುವ ಡಿಜಿಟಲ್ ಸಹಿ ಕಡ್ಡಾಯ. ಆ ಸಹಿಯ ಕೀಲಿ ಹುಟ್ಟುವುದು ಬಳಕೆದಾರರ ಪಾಸ್‌ವರ್ಡಿನಿಂದ. ಪಾಸ್‌ವರ್ಡೇ ಇಲ್ಲದ ಗೆಸ್ಟ್ ಖಾತೆಗೆ ಸಹಿ ಹಾಕುವುದು ಸಾಧ್ಯವೇ ಇಲ್ಲ. ಸಹಿಯ ಕಡ್ಡಾಯವನ್ನೂ ತೆಗೆದರೆ ಫೋಲ್ಡರು ತೆರೆಯುತ್ತದೆ ನಿಜ, ಆದರೆ ನಡುದಾರಿಯಲ್ಲಿ ಯಾರಾದರೂ ಅಂಕಿಗಳನ್ನು ತಿದ್ದಿದರೂ ತಿಳಿಯುವುದಿಲ್ಲ. ಬೆಳೆಗಾರರ ವರ್ಷದ ದುಡಿಮೆಯ ಲೆಕ್ಕವಿರುವ ಜಾಗದಲ್ಲಿ ಅದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ.

ಹಾಗಾಗಿ ಒಳಕೋಣೆಯ ಕಂಪ್ಯೂಟರಿನಲ್ಲಿ 'ತೂಕ' ಎಂಬ ಸಾಮಾನ್ಯ ಖಾತೆಯೊಂದನ್ನು ಪಾಸ್‌ವರ್ಡಿನೊಡನೆ ತೆರೆದು, ಅದರ ಹೆಸರು, ಪಾಸ್‌ವರ್ಡುಗಳನ್ನು ಹೊಸ ಕಂಪ್ಯೂಟರಿನ ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಉಳಿಸಿದೆ. "ಸಾರ್, ಚೀಟಿ ಕಾಣ್ತಿದೆ, ಸೇವ್ ಮಾತ್ರ ಆಗ್ತಿಲ್ಲ" ಎಂದರು ಗುಮಾಸ್ತರು. ನಾನು ಫೋಲ್ಡರಿನ ಗುಣಲಕ್ಷಣಗಳ 'ಶೇರಿಂಗ್'ನಲ್ಲಿ ಬರೆಯುವ ಅನುಮತಿ ಕೊಟ್ಟು 'ಸೆಕ್ಯುರಿಟಿ'ಯಲ್ಲಿ ಕೊಡುವುದನ್ನು ಮರೆತಿದ್ದೆ. ಇವೆರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ.

ಹಳೆಯ ಎರಡನ್ನು 'ತೂಕ' ಖಾತೆಗೆ ಬದಲಿಸುವಾಗ 1219 ಎಂಬ ದೋಷಸಂಖ್ಯೆ ಬಂತು. ಒಂದು ಕಂಪ್ಯೂಟರಿಗೆ ಏಕಕಾಲದಲ್ಲಿ ಎರಡು ಹೆಸರಿನಿಂದ ಸಂಪರ್ಕಿಸಲು ವಿಂಡೋಸ್ ಬಿಡುವುದಿಲ್ಲ, ಹಳೆಯ ಗೆಸ್ಟ್ ಸಂಪರ್ಕವಿನ್ನೂ ಜೀವಂತವಿತ್ತು. ಕಮಾಂಡ್ ಪ್ರಾಂಪ್ಟಿನಲ್ಲಿ 'ನೆಟ್ ಯೂಸ್' ಆದೇಶದಿಂದ ಅದನ್ನು ಅಳಿಸಿದ ಮೇಲೆ ಹೊಸ ಖಾತೆ ಒಪ್ಪಿಗೆಯಾಯಿತು. ಕೊನೆಗೆ ಗೆಸ್ಟ್ ಖಾತೆಯನ್ನು ನಿಷ್ಕ್ರಿಯಗೊಳಿಸಿ, ನಾಲ್ಕೂ ಕಂಪ್ಯೂಟರುಗಳನ್ನು ಆರಿಸಿ ಹಚ್ಚಿ, ಪರೀಕ್ಷೆಗೆಂದು ಬರೆದ ಚೀಟಿಯೊಂದನ್ನು ಮೂರೂ ಕಡೆಯಿಂದ ತಿದ್ದಿ ಉಳಿಸಿ ನೋಡಿದೆ, ಮೂರೂ ಉಳಿದವು.